ಸಿಸ್ಕೋ 2811 ರೂಟರ್‌ನ ಫ್ಲ್ಯಾಶ್ ಖಾಲಿಯಾಗಿದ್ದರೆ ರಿಲೋಡ್ ಮಾಡಬೇಡಿ

ಬ್ರದರ್, ಮೊದಲು ಆ ರೂಟರ್ ಆಫ್ ಮಾಡಬೇಡಿ. ಐಓಎಸ್ (ರೂಟರ್‌ನ ಆಪರೇಟಿಂಗ್ ಸಿಸ್ಟಮ್) ಇಮೇಜ್ ಹಾಕುವಾಗ ಟಿಎಫ್‌ಟಿಪಿ (ನೆಟ್‌ವರ್ಕ್‌ನಲ್ಲಿ ಫೈಲ್ ಕಳಿಸುವ ಸರಳ ವಿಧಾನ) ಅರ್ಧಕ್ಕೆ ನಿಂತಿತು, ಫೈಲ್ ಪಟ್ಟಿ ತೋರಿಸುವ ಡಿಐಆರ್ ಕೊಟ್ಟರೆ ಫ್ಲ್ಯಾಶ್ (ಇಮೇಜ್ ಇಡುವ ಮೆಮೊರಿ ಕಾರ್ಡ್) ಖಾಲಿ, ರಿಲೋಡ್ (ರೀಸ್ಟಾರ್ಟ್) ಮಾಡಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ನಮ್ಮ ಲ್ಯಾಬ್‌ನಲ್ಲೂ ಇದೇ ಆಗಿ, ರಿಲೋಡ್ ಒತ್ತಿ ರಾಮ್‌ಮಾನ್ (ಐಓಎಸ್ ಸಿಗದಿದ್ದಾಗ ಬರುವ ತುರ್ತು ಮೋಡ್) ಪ್ರಾಂಪ್ಟ್ ಮುಂದೆ ಕೂತಿದ್ದೆವು. ಆಮೇಲೆ ಎಕ್ಸ್‌ಮೋಡೆಮ್, ಅಂದರೆ ಕನ್ಸೋಲ್ ಕೇಬಲ್ ಮೂಲಕವೇ ಫೈಲ್ ಕಳಿಸೋದು. ಕನ್ಸೋಲ್ ವೇಗ ಸೆಕೆಂಡಿಗೆ 9600 ಬಿಟ್ ಇದ್ದರೆ 40 ಎಂಬಿ ಇಮೇಜ್ ಹತ್ತೋಕೆ 11 ಗಂಟೆಗೂ ಜಾಸ್ತಿ ಬೇಕು.

ನಿಮ್ಮ ಅದೃಷ್ಟ ಅಂದರೆ ಐಓಎಸ್ ಈಗ ಓಡುತ್ತಿರುವುದು ರ‍್ಯಾಮ್‌ನಲ್ಲಿ. ಕಾರ್ಡ್ ಖಾಲಿಯಾದರೂ ಅದಕ್ಕೆ ಏನೂ ಆಗಲ್ಲ. ಕರೆಂಟ್ ಹೋದರೆ ಮಾತ್ರ ಕಥೆ ಮುಗಿಯಿತು. ಯುಪಿಎಸ್ ಇದ್ದರೆ ಅದಕ್ಕೆ ಹಾಕಿ.

ಕಾಪಿ ಮಾಡುವಾಗ ‘ಎರೇಸ್ ಫ್ಲ್ಯಾಶ್ ಬಿಫೋರ್ ಕಾಪಿಯಿಂಗ್’ ಅಂತ ಕೇಳಿದ್ದಕ್ಕೆ ಸುಮ್ನೆ ಎಂಟರ್ ಒತ್ತಿದ್ದೀರಿ, ಅಲ್ವಾ? ಅಲ್ಲಿ ಎಂಟರ್ ಅಂದರೆ ‘ಹೌದು, ಅಳಿಸು’. ಬೇಡ ಅಂದರೆ ‘ಎನ್’ ಒತ್ತಬೇಕು. ಪ್ರಶ್ನೆ ಓದದೆ ಎಂಟರ್ ಒತ್ತುವ ಅಭ್ಯಾಸ ದಯವಿಟ್ಟು ಬಿಡಿ, ಕೆಲಸದ ಜಾಗದಲ್ಲಿ ಇದೇ ಮಾಡಿದರೆ ಇಡೀ ಬ್ರಾಂಚ್ ಕೆಳಗೆ ಬೀಳುತ್ತದೆ.

ಹೇಗೂ ಖಾಲಿಯಾಗಿದೆ, ಈಗಲೇ ‘ಫಾರ್ಮ್ಯಾಟ್ ಫ್ಲ್ಯಾಶ್:’ ಕೊಡಿ. ಎರೇಸ್ ಮಾಡಿದರೆ ಕಾರ್ಡ್‌ನ ಫೈಲ್ ಸಿಸ್ಟಮ್ (ಫೈಲ್ ಜೋಡಿಸುವ ರೀತಿ) ಕ್ಲಾಸ್ ಬಿ ಆಗುತ್ತದೆ, ಫಾರ್ಮ್ಯಾಟ್ ಮಾಡಿದರೆ ಕ್ಲಾಸ್ ಸಿ. ಕ್ಲಾಸ್ ಬಿಯಲ್ಲಿ ಡಿಲೀಟ್ ಕೊಟ್ಟರೆ ಫೈಲಿಗೆ ಅಳಿಸಿದ ಗುರುತು ಬೀಳುತ್ತದೆ ಅಷ್ಟೇ, ಜಾಗ ಬಿಡುಗಡೆ ಆಗಲ್ಲ. ಹಳೆಯ 2600, 3600 ರೂಟರ್‌ಗಳ ಕಾಲದವರಿಗೆ ಇದು ಚೆನ್ನಾಗಿ ಗೊತ್ತು. ಕ್ಲಾಸ್ ಸಿ ಅಂದರೆ ಫ್ಯಾಟ್. ಡಿಲೀಟ್ ಮಾಡಿದ ಕೂಡಲೇ ಜಾಗ ವಾಪಸ್, ಕಾರ್ಡ್ ರೀಡರ್‌ನಲ್ಲೂ ಓದುತ್ತದೆ. ಆದರೆ ಸ್ವಿಚ್ ಮಾಡ್ಯೂಲ್ ಇರುವವರು ಹುಷಾರು, ವಿಲ್ಯಾನ್‌ಗಳ (ನೆಟ್‌ವರ್ಕ್‌ನ ಒಳ ವಿಭಾಗಗಳ) ವಿವರ ಇರುವ ವಿಲ್ಯಾನ್ ಡ್ಯಾಟ್ ಫೈಲ್ ಫ್ಲ್ಯಾಶ್‌ನಲ್ಲೇ ಇರುತ್ತದೆ, ಫಾರ್ಮ್ಯಾಟ್‌ಗೆ ಮೊದಲು ಹೊರಗೆ ಕಾಪಿ ಮಾಡಿಕೊಳ್ಳಿ. ಸ್ಟಾರ್ಟಪ್ ಕಾನ್ಫಿಗ್ (ರೂಟರ್ ಶುರುವಾಗುವಾಗ ಓದುವ ಸೆಟ್ಟಿಂಗ್) ಬೇರೆ ಮೆಮೊರಿಯಾದ ಎನ್‌ವಿರ‍್ಯಾಮ್‌ನಲ್ಲಿ ಇರೋದರಿಂದ ಅದಕ್ಕೆ ಭಯ ಇಲ್ಲ.

ಅರ್ಧಕ್ಕೆ ನಿಂತಿದ್ದು ಸುಮಾರು 32 ಎಂಬಿ ಹತ್ತಿರವಾ ನೋಡಿ. ಹಳೆಯ ಟಿಎಫ್‌ಟಿಪಿ ಸರ್ವರ್‌ಗಳು 512 ಬೈಟ್‌ನ ಬ್ಲಾಕ್‌ಗಳನ್ನು 65535ರ ತನಕ ಮಾತ್ರ ಎಣಿಸುತ್ತವೆ, ಅಲ್ಲಿಗೆ ನಿಲ್ಲುತ್ತದೆ. ಕೇಬಲ್ ಬದಲಿಸಿ ಏನೂ ಪ್ರಯೋಜನ ಇಲ್ಲ. ನಾನು ದೊಡ್ಡ ಇಮೇಜ್‌ಗೆ ಯಾವಾಗಲೂ ಎಫ್‌ಟಿಪಿ. ‘ಐಪಿ ಎಫ್‌ಟಿಪಿ ಯೂಸರ್‌ನೇಮ್’, ‘ಐಪಿ ಎಫ್‌ಟಿಪಿ ಪಾಸ್‌ವರ್ಡ್’ ಹಾಕಿ, ‘ಕಾಪಿ ಎಫ್‌ಟಿಪಿ: ಫ್ಲ್ಯಾಶ್:’. ಟಿಎಫ್‌ಟಿಪಿಯೇ ಬೇಕು ಅಂದರೆ ಟಿಎಫ್‌ಟಿಪಿಡಿ64 ಎಂಬ ಸರ್ವರ್ ಪ್ರೋಗ್ರಾಂ ಒಳ್ಳೆಯದು.

ಕಾಪಿ ಮುಗಿದ ಮೇಲೆ ಡಿಐಆರ್‌ನಲ್ಲಿ ಸೈಜ್ ಸರಿಯಿದೆ ಅಂತ ನಂಬಬೇಡಿ. ಫೈಲ್ ಕೆಡದೆ ಬಂದಿದೆಯಾ ಅಂತ ನೋಡಲು ‘ವೆರಿಫೈ /ಎಂಡಿ5 ಫ್ಲ್ಯಾಶ್:’ ಜೊತೆ ಫೈಲ್ ಹೆಸರು ಕೊಟ್ಟು, ಬಂದ ಸಂಖ್ಯೆಯನ್ನು ಸಿಸ್ಕೋ ಕೊಟ್ಟಿರುವ ಸಂಖ್ಯೆಗೆ ಕೊನೆಯ ಅಕ್ಷರದ ತನಕ ಹೋಲಿಸಿ. ಆಮೇಲೆ ‘ಬೂಟ್ ಸಿಸ್ಟಮ್ ಫ್ಲ್ಯಾಶ್:’ ಸಾಲಿನಲ್ಲಿ ಹಳೇ ಫೈಲ್ ಹೆಸರು ಉಳಿದಿದೆಯಾ ನೋಡಿ, ಬೂಟ್ ಹೇಗಾಗಬೇಕು ಅಂತ ಹೇಳುವ ಕಾನ್ಫಿಗ್ ರಿಜಿಸ್ಟರ್ 0ಎಕ್ಸ್2102 ಇರಲಿ, ಕಾನ್ಫಿಗ್ ಸೇವ್ ಮಾಡಿ.

ಕಾರ್ಡ್ ಬಗ್ಗೆಯೂ ಕೇಳಿದ್ದೀರಿ. 2811ಕ್ಕೆ 256 ಎಂಬಿ ತನಕ ಸಪೋರ್ಟ್ ಇದೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುವ ಹೆಸರಿಲ್ಲದ ಕಾರ್ಡ್ ತಗೋಬೇಡಿ, ಹಳೆಯ ಸ್ಯಾನ್‌ಡಿಸ್ಕ್ ಸಿಕ್ಕರೆ ಬಿಡಬೇಡಿ. ಸಿಎಫ್ (ಕಾಂಪ್ಯಾಕ್ಟ್ ಫ್ಲ್ಯಾಶ್) ದೀಪ ಉರಿಯುವಾಗ ಕಾರ್ಡ್ ಎಳೆಯಲೇಬೇಡಿ. ಒಂದು ಪೆನ್‌ಡ್ರೈವ್ ಯುಎಸ್‌ಬಿ ಪೋರ್ಟ್‌ಗೆ ಚುಚ್ಚಿ, ‘ಕಾಪಿ ಫ್ಲ್ಯಾಶ್: ಯುಎಸ್‌ಬಿಫ್ಲ್ಯಾಶ್0:’ ಕೊಟ್ಟು ಇಮೇಜ್‌ನ ಇನ್ನೊಂದು ಪ್ರತಿ ಇಟ್ಟುಕೊಳ್ಳಿ.

ಎಂಡಿ5 ಹೊಂದಿದ ಮೇಲೆ ಡಿಐಆರ್ ಮತ್ತು ‘ಶೋ ರನ್’ನ ಬೂಟ್ ಸಾಲುಗಳನ್ನು ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ರಿಲೋಡ್ ಬೇಡ.