ಆರು ಸೆಂಟಿನ ಜಾಹೀರಾತಿನಿಂದ ಶುರು ಮಾಡಿ

ಪ್ರಿಯರೆ,

ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಎಂಬ ಹಳ್ಳಿಯ ಪತ್ರಿಕೆ ಮತ್ತು ಕಸುಬುಗಳ ಬಗ್ಗೆ, 1830ರ ಸುಮಾರಿನ ಕಾಲವನ್ನು ಹಿಡಿದು ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಎರಡನೆಯ ಸಲ ಓದಿದ್ದು ಸೌಜನ್ಯಕ್ಕಲ್ಲ, ಒಳಗೆಲ್ಲೋ ಒಳ್ಳೆಯ ಲೇಖನವೊಂದು ಸಿಕ್ಕಿಕೊಂಡಿದೆ ಎನಿಸಿದ್ದಕ್ಕೆ.

ನಿಮ್ಮ ಕಮ್ಮಾರ ದಿನಾ ಬೆಳಿಗ್ಗೆ ಕುಲುಮೆ ಹೊತ್ತಿಸುವ ಮೊದಲು ‘ವೇನ್ ಸೆಂಟಿನೆಲ್’ ಓದುತ್ತಾನೆ. ಅದು ವಾರಪತ್ರಿಕೆ, ಉಳಿದ ಆರು ದಿನ ಏನು ಓದಿದ? ಮುಖಪುಟದಲ್ಲಿ ಸುದ್ದಿ ಸಿಡಿಯಿತು ಎನ್ನುತ್ತೀರಿ. ಅಂದಿನ ಹಳ್ಳಿ ಪತ್ರಿಕೆ ಸಾಮಾನ್ಯವಾಗಿ ನಡುವೆ ಮಡಚಿದ ಒಂದೇ ದೊಡ್ಡ ಹಾಳೆ, ನಾಲ್ಕು ಪುಟ. ಹೊರಮೈಯ ಒಂದನೆಯ ಮತ್ತು ನಾಲ್ಕನೆಯ ಪುಟಗಳನ್ನು ಮೊದಲೇ ಅಚ್ಚು ಹಾಕಿ ಒಣಗಲು ಬಿಡುತ್ತಿದ್ದರು. ಬಿಸಿ ಸುದ್ದಿ ಬರುತ್ತಿದ್ದುದು ಒಳಪುಟಗಳಲ್ಲಿ. ಅದೂ ಊರ ಸುದ್ದಿಯಲ್ಲ. ಪಕ್ಕದ ಮನೆಯ ಕೊಟ್ಟಿಗೆ ಸುಟ್ಟದ್ದು ಪತ್ರಿಕೆ ಬರುವಷ್ಟರಲ್ಲಿ ಎಲ್ಲರಿಗೂ ಗೊತ್ತಿರುತ್ತಿತ್ತು; ಅದಕ್ಕಾಗಿ ಯಾರು ಅಚ್ಚಿನ ಅಕ್ಷರದ ಮೊಳೆ ಜೋಡಿಸುತ್ತಾರೆ? 1792ರ ಅಂಚೆ ಕಾನೂನಿನ ಪ್ರಕಾರ ಪತ್ರಿಕೆಯವರು ತಮ್ಮತಮ್ಮಲ್ಲಿ ಪತ್ರಿಕೆಗಳನ್ನು ಪುಕ್ಕಟೆ ಕಳಿಸಿಕೊಳ್ಳಬಹುದಿತ್ತು. ಹಳ್ಳಿಯ ಸಂಪಾದಕನ ಮುಖ್ಯ ಆಯುಧ ಲೇಖನಿಯಲ್ಲ, ಕತ್ತರಿ. (ನಮ್ಮ ವೃತ್ತಿಯ ಈ ಗುಟ್ಟು ಇಂದಿಗೂ ಅಷ್ಟೇನೂ ಬದಲಾಗಿಲ್ಲ.)

ಹಾಗಾದರೆ ಊರು ಎಲ್ಲಿದೆ? ಜಾಹೀರಾತಿನಲ್ಲಿ. ನೀವು ಅರ್ಧ ಸಾಲಿನಲ್ಲಿ ದಾಟಿಹೋದ ಜಾಗ ಅದು. ‘ಶುಭ್ರವಾದ ಹತ್ತಿ, ನಾರುಬಟ್ಟೆಯ ಚಿಂದಿಗೆ ನಗದು ಕೊಡುತ್ತೇವೆ’ ಎನ್ನುವ ಬಗೆಯ ಸಾಲು: ಕಾಗದ ಆಗ ಚಿಂದಿಯಿಂದಲೇ ಆಗುತ್ತಿತ್ತು, ಮನೆಯ ಹಳೆಯ ಅಂಗಿಯೇ ಸುತ್ತಿಬಳಸಿ ಪತ್ರಿಕೆಯಾಗಿ ಬಾಗಿಲಿಗೆ ಬರುತ್ತಿತ್ತು. ಬೂದಿ ಬೇಕೆಂಬ ಅಂಗಡಿಯವರ ಪ್ರಕಟಣೆ: ಕಾಡು ಕಡಿದು ಸುಟ್ಟ ರೈತ ಆ ಬೂದಿಯನ್ನು ಗಾಡಿಯಲ್ಲಿ ತರುತ್ತಿದ್ದ, ಅದಕ್ಕೆ ನೀರು ಹೊಯ್ದು ಬಸಿದ ರಸವನ್ನು ಕಡಾಯಿಯಲ್ಲಿ ಕಾಯಿಸಿ ಇಂಗಿಸಿದರೆ ಪೊಟ್ಯಾಷ್, ಸಾಬೂನಿಗೂ ಗಾಜಿಗೂ ಬೇಕಾದದ್ದು. ಬೆಳೆ ಕೈಗೆ ಬರುವ ಮೊದಲೇ ಕಾಸು ಕಾಣಿಸುತ್ತಿದ್ದ ಸರಕು ಅದು. ಚಂದಾ ಹಣದ ಬದಲು ಸೌದೆ, ಧಾನ್ಯ ಕೊಟ್ಟರೂ ನಡೆಯುತ್ತಿತ್ತು. ನಿಮ್ಮ ‘ಪ್ರಜಾಪ್ರಭುತ್ವದ ಉಷಃಕಾಲ’ದ ಎರಡು ಪುಟ ಕಿತ್ತುಹಾಕಿ ಇದನ್ನು ಬೆಳೆಸಿ.

ಅದಕ್ಕಿಂತ ಮೊದಲು, ಓಡಿಹೋದ ಹುಡುಗನ ಜಾಹೀರಾತು. ಬೆನ್ನ ಮೇಲೆ ಗಂಟು ಹೊತ್ತು ಓಡುವ ಹುಡುಗನ ಪುಟ್ಟ ಮರದಚ್ಚಿನ ಚಿತ್ರ; ಕೆಳಗೆ, ಕೆಲಸ ಕಲಿಯಲು ಕರಾರಾಗಿದ್ದ ಹುಡುಗ ಓಡಿಹೋಗಿದ್ದಾನೆ, ಹಿಡಿದು ತಂದವರಿಗೆ ಆರು ಸೆಂಟ್ ಬಹುಮಾನ. ಒಂದೇ ಸೆಂಟ್ ಎಂದದ್ದೂ ಉಂಟು. ಅಷ್ಟಕ್ಕೆ ಯಾರು ಹುಡುಕುತ್ತಾರೆ? ಯಾರೂ ಹುಡುಕಬಾರದೆಂದೇ ಹಾಕಿದ್ದು. ಅವನು ಮಾಡುವ ಸಾಲಕ್ಕೆ ತಾನು ಹೊಣೆಯಲ್ಲ ಎಂದು ಊರಿಗೆ ತಿಳಿಸುವುದಷ್ಟೇ ಯಜಮಾನನ ಉದ್ದೇಶ. ಚರ್ಮ ಹದಮಾಡುವವ, ಟೋಪಿ ಹೊಲಿಯುವವ, ಪೀಪಾಯಿ ಕಟ್ಟುವವ ಎಂದು ನೀವು ಪಟ್ಟಿ ಮಾಡಿದ ಹನ್ನೊಂದು ಕಸುಬುಗಳಿಗಿಂತ ಈ ಆರು ಸೆಂಟ್ ಹೆಚ್ಚು ಹೇಳುತ್ತದೆ. ಲೇಖನ ಇಲ್ಲಿಂದ ಶುರುವಾಗಲಿ.

1843ರ ‘ಮಂಗಳೂರ ಸಮಾಚಾರ’ದೊಂದಿಗಿನ ಹೋಲಿಕೆ ತೆಗೆಯಿರಿ. ಅದು ಕಲ್ಲಚ್ಚಿನಲ್ಲಿ, ಎಂದರೆ ಮೊಳೆ ಜೋಡಿಸದೆ ಕೈಬರಹವನ್ನೇ ಕಲ್ಲಿನ ಮೇಲಿಂದ ಅಚ್ಚು ಹಾಕುವ ವಿಧಾನದಲ್ಲಿ, ಬಂದ ಪತ್ರಿಕೆ. ‘ಮೊಳೆ ಹೆಕ್ಕುವ ಚುರುಕು ಬೆರಳುಗಳು’ ಎಂಬ ನಿಮ್ಮ ಸಾಲಿಗೆ ಅಲ್ಲಿ ಕೆಲಸವಿಲ್ಲ.

ಇನ್ನೊಂದು ಮಾತು. ‘ವೇನ್ ಸೆಂಟಿನೆಲ್’ ನಡೆಸುತ್ತಿದ್ದ ಗ್ರಾಂಡಿನ್, 1830ರಲ್ಲಿ ಮಾರ್ಮನ್ ಪಂಥದ ಧರ್ಮಗ್ರಂಥವಾದ ‘ಬುಕ್ ಆಫ್ ಮಾರ್ಮನ್’ನ 5,000 ಪ್ರತಿಗಳನ್ನು 3,000 ಡಾಲರಿಗೆ ಅಚ್ಚು ಹಾಕಿಕೊಟ್ಟದ್ದನ್ನು ನೀವೇ ಬರೆದಿದ್ದೀರಿ. ಆದರೆ ಆ ಗ್ರಂಥದ ಹಸ್ತಪ್ರತಿಯಲ್ಲಿ ವಿರಾಮಚಿಹ್ನೆಗಳೇ ಇರಲಿಲ್ಲ. ಮೊಳೆ ಜೋಡಿಸುತ್ತಿದ್ದ ಗಿಲ್ಬರ್ಟ್ ಅದನ್ನು ರಾತ್ರಿ ಮನೆಗೆ ಒಯ್ದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದ. ನಿಮ್ಮ ಮೊದಲ ನಾಲ್ಕು ಪುಟಗಳಿಗೆ ನಾನೂ ಹಾಗೆಯೇ ಹಾಕಿದ್ದೇನೆ. ಉಳಿದ ಹದಿನಾರಕ್ಕೆ ನೀವೇ ಹಾಕಿಕೊಳ್ಳಿ. ಅಷ್ಟರಲ್ಲಿ ಅವು ಎಂಟಾಗಿರಲಿ.

ಇತಿ,
ಸಂಪಾದಕ