ಪೈಪ್‌ಲೈನ್ ವೆಲ್ಡ್ ತಪಾಸಣೆಗೆ ರೇಡಿಯೋಗ್ರಫಿ ಬದಲು ಫೇಸ್ಡ್ ಅರೇ ಅಲ್ಟ್ರಾಸೋನಿಕ್ ಯಾಕೆ?

ಮುಖ್ಯ ಕಾರಣ ಬಿರುಕು. ರೇಡಿಯೋಗ್ರಫಿ ಅಂದರೆ ಎಕ್ಸ್-ರೇ ಅಥವಾ ಗಾಮಾ ಕಿರಣ ಹಾಯಿಸಿ ಫಿಲ್ಮ್ ಮೇಲೆ ಚಿತ್ರ ತೆಗೆಯುವುದು; ಆ ಕಿರಣಕ್ಕೆ ಓರೆಯಾಗಿರುವ ತೆಳು ಬಿರುಕು ಫಿಲ್ಮ್‌ನಲ್ಲಿ ಕಾಣದೆ ಹೋಗಬಹುದು. ಫೇಸ್ಡ್ ಅರೇ ವಿಧಾನ ಕಿವಿಗೆ ಕೇಳದ ಶಬ್ದದ ಅಲೆ ಕಳಿಸಿ, ಅದರ ಪ್ರತಿಧ್ವನಿಯಿಂದ ದೋಷ ಹುಡುಕುತ್ತದೆ. ಪೈಪ್ ಮೇಲಿಡುವ ಅದರ ಪ್ರೋಬ್‌ನಲ್ಲಿ 16, 32 ಅಥವಾ 64 ಹೀಗೆ ಶಬ್ದ ಹೊರಡಿಸುವ ಪುಟ್ಟ ಎಲಿಮೆಂಟ್‌ಗಳಿರುತ್ತವೆ. ಅವನ್ನು ನ್ಯಾನೋಸೆಕೆಂಡುಗಳ ಲೆಕ್ಕದಲ್ಲಿ ಹಿಂದೆಮುಂದೆ ಮಿಡಿಸಿದರೆ, ಪ್ರೋಬ್ ಅಲುಗಾಡಿಸದೆಯೇ ಶಬ್ದದ ಅಲೆ ಬೇಕಾದ ಕಡೆ ವಾಲುತ್ತದೆ. ಸಾಮಾನ್ಯವಾಗಿ 40ರಿಂದ 70 ಡಿಗ್ರಿವರೆಗಿನ ಕೋನಗಳಲ್ಲಿ ಒಂದೇ ಸಲಕ್ಕೆ ನೋಡಬಹುದು. ದೋಷ ಎಷ್ಟು ಆಳದಲ್ಲಿದೆ, ಎಷ್ಟು ಎತ್ತರವಿದೆ ಎಂಬುದೂ ಸಿಗುತ್ತದೆ. ಪೈಪ್ ಇನ್ನೆಷ್ಟು ಕಾಲ ತಾಳುತ್ತದೆ ಅನ್ನೋ ಲೆಕ್ಕಕ್ಕೆ ಅದೇ ಬೇಕು ಅಲ್ವಾ?

ವಿಕಿರಣ ಇಲ್ಲದ್ದರಿಂದ ಸುತ್ತಲಿನವರನ್ನು ದೂರ ಕಳಿಸಬೇಕಿಲ್ಲ.

ಆದರೆ ಸುಮ್ನೆ ಪ್ರೋಬ್ ಇಟ್ಟರೆ ಸಾಲದು. ಮೇಲ್ಮೈ ಸ್ವಚ್ಛವಾಗಿರಬೇಕು, ನಡುವೆ ನೀರು ಅಥವಾ ಜೆಲ್ ಬೇಕು, ಮೊದಲೇ ಮಾದರಿ ತುಂಡಿನ ಮೇಲೆ ಕ್ಯಾಲಿಬ್ರೇಟ್ ಮಾಡಿ, ಅಂದರೆ ಅಳತೆ ಸರಿಹೊಂದಿಸಿ ಇಟ್ಟಿರಬೇಕು. ಆಸ್ಟೆನಿಟಿಕ್ ಎಂಬ ಬಗೆಯ ಸ್ಟೇನ್‌ಲೆಸ್ ಸ್ಟೀಲ್ ವೆಲ್ಡ್‌ಗಳಲ್ಲಿ ಲೋಹದ ಹರಳುಗಳು ದೊಡ್ಡವು, ಅವುಗಳಿಂದ ಬರುವ ಬೇಡದ ಪ್ರತಿಧ್ವನಿ ಜಾಸ್ತಿ. ಅಲ್ಲಿ ಪಳಗಿದ ಆಪರೇಟರ್ ಇಲ್ಲದಿದ್ದರೆ ಉಪಕರಣ ತೋರಿಸುವ ಚಿತ್ರವನ್ನು ನಂಬಬೇಡಿ.