ಕಡಲಿನ ಆಹಾರ ಜಾಲದಲ್ಲಿ ಆಳಸಮುದ್ರದ ಪ್ರಾಣಿಗಳ ಪಾತ್ರವೇನು?

ಆಳಸಮುದ್ರದ ಪ್ರಾಣಿಗಳು ಮೇಲಿನಿಂದ ಬಿದ್ದದ್ದನ್ನು ತಿಂದು ಬದುಕುತ್ತವೆ ಎಂಬ ಮಾತು ಅರ್ಧ ಮಾತ್ರ ನಿಜ. ಸುಮಾರು 200 ಮೀಟರ್‌ಗಿಂತ ಕೆಳಗೆ ದ್ಯುತಿಸಂಶ್ಲೇಷಣೆಗೆ ಸಾಲುವಷ್ಟು ಬೆಳಕಿಲ್ಲದ ಕಾರಣ, ಹಿಮದಂತೆ ಉದುರುವ ಸತ್ತ ಪ್ಲವಕ (ನೀರಿನಲ್ಲಿ ತೇಲುವ ಪುಟ್ಟ ಜೀವಿಗಳು), ಹಿಕ್ಕೆ, ಲೋಳೆಗಳ ಚೂರುಗಳೇ ಅಲ್ಲಿನ ಬಹುಪಾಲು ಜೀವಿಗಳಿಗೆ ಆಧಾರ. ತಳದ ಕೆಸರನ್ನು ನುಂಗಿ ಸಾರ ಹೀರುವ ಕಡಲ ಸೌತೆಗಳು (ಸೌತೆಕಾಯಿ ಆಕಾರದ ಪ್ರಾಣಿಗಳು) ಇದಕ್ಕೆ ಉದಾಹರಣೆ.

ಆದರೆ ಆಹಾರ ಕೆಳಗಿನಿಂದ ಮೇಲಕ್ಕೂ ಸಾಗುತ್ತದೆ. ಮೈಮೇಲೆ ಬೆಳಕಿನ ಚುಕ್ಕಿಗಳಿರುವ, ಬೆರಳುದ್ದದ ಲ್ಯಾಂಟರ್ನ್ ಮೀನುಗಳು (ನಮ್ಮ ಅರಬ್ಬಿ ಸಮುದ್ರದಲ್ಲೂ ಇವು ಹೇರಳ) ಹಗಲಿಡೀ ನೂರಾರು ಮೀಟರ್ ಆಳದಲ್ಲಿದ್ದು, ಕತ್ತಲಾದೊಡನೆ ಮೇಲೇರಿ ಕೋಪಿಪಾಡ್‌ನಂತಹ ಪುಟ್ಟ ಜೀವಿಗಳನ್ನು ತಿಂದು, ಬೆಳಗಾಗುವುದರೊಳಗೆ ಮರಳಿ ಇಳಿಯುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೋನಾರ್ (ಶಬ್ದದ ಪ್ರತಿಧ್ವನಿಯಿಂದ ನೀರಿನಾಳವನ್ನು ಅರಿಯುವ ಸಾಧನ) ಬಳಸುತ್ತಿದ್ದವರಿಗೆ ಇಂತಹ ಜೀವಿಗಳ ದಟ್ಟ ಪದರವೇ ಸಮುದ್ರತಳದಂತೆ ತೋರಿತ್ತು ಎಂದರೆ ಅವುಗಳ ಸಂಖ್ಯೆಯನ್ನು ಊಹಿಸಬಹುದು. ಇವನ್ನು ಟ್ಯೂನಾ, ಡಾಲ್ಫಿನ್, ಸ್ಕ್ವಿಡ್‌ಗಳು (ಕರಾವಳಿಯವರ ಬೊಂಡಾಸ್) ತಿನ್ನುತ್ತವೆ. ಸ್ಪರ್ಮ್ ತಿಮಿಂಗಿಲವಂತೂ 1,000 ಮೀಟರ್‌ಗೂ ಆಳಕ್ಕೆ ಮುಳುಗಿ ಸ್ಕ್ವಿಡ್ ಹಿಡಿದು, ಮೇಲೆ ಬಂದು ಹಿಕ್ಕೆ ಹಾಕುತ್ತದೆ. ಕಬ್ಬಿಣಾಂಶ ವಿರಳವಾಗಿರುವ ದಕ್ಷಿಣ ಮಹಾಸಾಗರದಲ್ಲಿ ಆ ಹಿಕ್ಕೆಯಲ್ಲಿನ ಕಬ್ಬಿಣ ಸಸ್ಯಪ್ಲವಕಗಳಿಗೆ ಗೊಬ್ಬರವಾಗುತ್ತದೆ.

ಅದೇ ತಿಮಿಂಗಿಲ ಸತ್ತು ತಳ ಸೇರಿದರೆ ಅದರ ಮೂಳೆಯನ್ನೂ ಬಿಡದ ಹುಳುಗಳಿವೆ. 2002ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಕಂಡುಬಂದ ಓಸೆಡಾಕ್ಸ್‌ಗೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಬೇರಿನಂತಹ ಅಂಗವನ್ನು ಮೂಳೆಯೊಳಗೆ ಇಳಿಸಿ, ಆ ಅಂಗದಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳ ನೆರವಿನಿಂದ ಪೋಷಣೆ ಪಡೆಯುತ್ತದೆ.